ನೋಟವೂ ಬಯಕೆಯೂ

ಶಹಾಬಾದಿನ ಕಲ್ಲುಗಣಿಗಳಲ್ಲಿ ಕೆಲಸದ ಹೊತ್ತಿಗೆ ಮಾತು ಕಡಿಮೆ. ಹಾರೆ ಸುತ್ತಿಗೆಗಳ ಸದ್ದಿನ ನಡುವೆ ಇಬ್ಬರು ಕೂಡಿ ಫರಸಿಯೊಂದನ್ನು ಎತ್ತಬೇಕಾದರೆ, ಒಬ್ಬನು ಇನ್ನೊಬ್ಬನ ಮುಖವನ್ನು ನೋಡುತ್ತಾನೆ. 'ಎತ್ತು' ಎಂಬುದೂ 'ತಾಳು' ಎಂಬುದೂ ಆ ನೋಟದಲ್ಲಿಯೇ ತಿಳಿಯುತ್ತದೆ. ನನ್ನ ಸೋದರಮಾವ ಬಹುಕಾಲ ಹೀಗೆ ದುಡಿದವರು. ಮುಪ್ಪಿನಲ್ಲಿ ಪಾರ್ಶ್ವವಾಯು ಬಡಿದು ಕೈಕಾಲುಗಳೂ ನಾಲಗೆಯೂ ಸೋತ ಮೇಲೆ, ಚಿತ್ತಾಪುರದ ನಮ್ಮ ಮನೆಯಲ್ಲಿ ಮಲಗಿದ್ದ ಅವರಿಗೆ ಉಳಿದಿದ್ದುದು ಕಣ್ಣು ಮಾತ್ರ.

ಒಂದು ಸಂಜೆ ಅವರು ರೇಡಿಯೋವನ್ನೇ ನೋಡುತ್ತಿದ್ದರು. ಸದ್ದು ಬೇಡವಾಗಿರಬೇಕೆಂದು ಬಗೆದು ನಾನು ಅದನ್ನು ಆರಿಸಿಬಿಟ್ಟೆ. ಅವರ ಕಣ್ಣಲ್ಲಿ ನೀರಾಡಿತು. "ನೋಡಿದ್ದೆಲ್ಲಾ ಬ್ಯಾಡಂತೇನು? ಕೇಳಿ ಮಾಡಬೇಕಪಾ" ಎಂದು ಅವ್ವ ಗದರಿದಳು. ಅವಳ ರೀತಿಯೇ ಬೇರೆ. ತಂಬಿಗೆಯ ಮೇಲೆ ಅಣ್ಣನ ನೋಟ ಕೊಂಚ ಹೊತ್ತು ನಿಂತರೆ, ಅದನ್ನು ಎತ್ತಿ ತೋರಿಸಿ "ನೀರು ಬೇಕೇನಣ್ಣಾ?" ಎನ್ನುವಳು. ಅವರು ರೆಪ್ಪೆ ಮುಚ್ಚಿ ತೆರೆದ ಬಳಿಕವೇ ನೀರನ್ನು ತುಟಿಗೆ ಹಿಡಿಯುವಳು.

ಈ ಮನೆಯ ಮಾತನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಮನುಷ್ಯನೂ ಯಂತ್ರಮಾನವನೂ ಒಬ್ಬರನ್ನೊಬ್ಬರು ಹೇಗೆ ಅರಿತು ನಡೆಯಬೇಕೆಂಬ ವಿಚಾರ ಇಂದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅದಕ್ಕೆಂದೇ ಮೀಸಲಾದ ಅಂತಾರಾಷ್ಟ್ರೀಯ ಸಮ್ಮೇಳನವೊಂದು 2006ರಲ್ಲಿ ಆರಂಭವಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಅಲ್ಲಿನ ಪ್ರದೀಪ್ತ ಬಿಸ್ವಾಸ್ ಅವರ ಪ್ರಯೋಗಾಲಯವು, ಮಾತೂ ಚಲನೆಯೂ ತೀವ್ರವಾಗಿ ಕುಂಠಿತವಾದವರು ಕಣ್ಣೋಟದಿಂದಲೇ ನಡೆಸಬಹುದಾದ ಯಂತ್ರಬಾಹುವಿನ ವ್ಯವಸ್ಥೆಯೊಂದನ್ನು ರೂಪಿಸಿ, ಕಣ್ಣೋಟದ ಸಂಶೋಧನೆಗೆ ಮೀಸಲಾದ 2020ರ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಆ ಕುರಿತು ಪ್ರಬಂಧವನ್ನು ಒಪ್ಪಿಸಿತು.

ನೋಟವನ್ನು ಯಂತ್ರ ಅರಿಯುವುದೆಂತು? ಸಾಮಾನ್ಯವಾಗಿ ಬಳಕೆಯಲ್ಲಿರುವ ಉಪಕರಣವು ನಮಗೆ ಕಾಣದ ಅವಕೆಂಪು ಬೆಳಕನ್ನು ಕಣ್ಣಿನ ಮೇಲೆ ಬೀರುತ್ತದೆ. ಕಣ್ಣಿನ ಹೊರಪೊರೆಯಲ್ಲಿ ಆ ಬೆಳಕಿನ ಚುಕ್ಕೆ ಮಿನುಗುತ್ತದೆ. ಆ ಚುಕ್ಕೆಗೂ ಪಾಪೆಯ ನಡುವಿಗೂ ಇರುವ ಅಂತರವನ್ನು ಕ್ಯಾಮೆರಾ ಅಳೆಯುತ್ತದೆ. ಕಣ್ಣು ಹೊರಳಿದಂತೆ ಅಂತರ ಬದಲಾಗುವುದರಿಂದ, ಪರದೆಯ ಯಾವ ಭಾಗದ ಮೇಲೆ ನೋಟ ಬಿದ್ದಿದೆಯೆಂದು ಲೆಕ್ಕ ಹಾಕಬಹುದು.

ಇಲ್ಲಿಯವರೆಗೆ ಎಲ್ಲವೂ ಸುಲಭವೆನಿಸೀತು. ಕಷ್ಟವಿರುವುದು ಮುಂದೆ. ನಮ್ಮ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಬಾರಿ ಅಲ್ಲಿಂದಿಲ್ಲಿಗೆ ನೆಗೆಯುತ್ತಲೇ ಇರುತ್ತದೆ. ಕೈ ನೀಡಿದರೆ ಬೇಕೆಂದು ಅರ್ಥ. ಕಣ್ಣು ಹಾಯಿಸಿದರೆ ಹಾಗೆನ್ನಲಾಗದು. ನೋಟ ಬಿದ್ದುದನ್ನೆಲ್ಲ ಆಜ್ಞೆಯೆಂದು ತಿಳಿದ ಯಂತ್ರ, ರೇಡಿಯೋ ಆರಿಸಿದ ನನ್ನಂತೆಯೇ ಎಡವುತ್ತದೆ. ಮುಟ್ಟಿದ್ದೆಲ್ಲ ಚಿನ್ನವಾಗಿ ಅನ್ನವಿಲ್ಲದೆ ಕಂಗೆಟ್ಟ ಗ್ರೀಕ್ ಕಥೆಯ ಮಿಡಾಸ್ ರಾಜನ ಹೆಸರನ್ನೇ ತಜ್ಞರು ಈ ತೊಡಕಿಗೆ ಇಟ್ಟಿದ್ದಾರೆ.

ಇದಕ್ಕೆ ಎರಡು ಉಪಾಯಗಳು ಹೆಚ್ಚು ರೂಢಿಯಲ್ಲಿವೆ. ನೋಟವು ಒಂದೆಡೆ ಗೊತ್ತಾದ ಅವಧಿ ನಿಂತರೆ ಮಾತ್ರ ಅದನ್ನು ಆಯ್ಕೆಯೆಂದು ಗಣಿಸುವುದು ಒಂದು. ಅವಧಿ ಕಿರಿದಾದರೆ ತಪ್ಪು ಹೆಚ್ಚು. ಹಿರಿದಾದರೆ ಕಣ್ಣು ದಣಿಯುತ್ತದೆ. ಬಯಕೆಯನ್ನು ಬೇರೊಂದು ಸನ್ನೆಯಿಂದ ಖಚಿತಪಡಿಸಿಕೊಳ್ಳುವುದು ಇನ್ನೊಂದು. ವಾಡಿ ಜಂಕ್ಷನ್ನಿನಲ್ಲಿ ಬಾಲ್ಯದಲ್ಲಿ ನಾನು ಬೆರಗಿನಿಂದ ನೋಡುತ್ತಿದ್ದುದೂ ಇದನ್ನೇ: ಗಾರ್ಡ್ ಹಸಿರು ಬಾವುಟ ಬೀಸಿ, ಎಂಜಿನ್ನಿನಿಂದ ಸೀಟಿಯ ಮರುದನಿ ಬಂದ ಮೇಲೆಯೇ ಗಾಡಿ ಹೊರಡುತ್ತಿತ್ತು.

ಬೆಂಗಳೂರಿನ ಪ್ರಯೋಗದಲ್ಲಿ ಪಾಲುಗೊಂಡವರು ಒಂದು ವಸ್ತುವನ್ನು ಎತ್ತಿ ಬೇರೆಡೆ ಇಡುವ ಕೆಲಸವನ್ನು ಸರಾಸರಿ 15 ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಮಾಡಿದರು. ಮನಬಂದ ಕಡೆ ಗುರುತಿಸಿದ ಜಾಗಕ್ಕೆ ಯಂತ್ರಬಾಹುವನ್ನು 60 ಸೆಕೆಂಡುಗಳೊಳಗೆ ಮುಟ್ಟಿಸಿದರು. ಕೈ ಗಟ್ಟಿಯಿರುವ ನಮಗೆ ಇದು ನಿಧಾನವೆನಿಸಬಹುದು. ಒಂದು ಗುಟುಕು ನೀರಿಗೂ ಪರರ ಬಿಡುವನ್ನು ಕಾಯುವವರಿಗೆ ಹಾಗೆನಿಸದು.

ಇಂಥ ಯಂತ್ರ ಚಿಂಚೋಳಿಯ ಹಳ್ಳಿಯ ಮನೆಗೆ ಬಂದೀತೆ? ನೋಟ ಅಳೆಯುವ ವಿಶೇಷ ಉಪಕರಣ ದುಬಾರಿಯಾದುದು. ಅದೇ ಪ್ರಯೋಗಾಲಯ ಕಂಪ್ಯೂಟರಿನ ಸಾಮಾನ್ಯ ಕ್ಯಾಮೆರಾದಿಂದಲೇ ಯಂತ್ರಬಾಹುವನ್ನು ನಡೆಸುವ ವಿಧಾನವನ್ನೂ 2020ರಲ್ಲಿ ಪ್ರಕಟಿಸಿದ್ದು ಈ ಕಾರಣದಿಂದ ಮಹತ್ವದ್ದು. ಆದರೆ ಸಾಮಾನ್ಯ ಕ್ಯಾಮೆರಾಕ್ಕೆ ಮುಖದ ಮೇಲೆ ಒಳ್ಳೆಯ ಬೆಳಕು ಬೇಕು. ನಮ್ಮ ಕಡೆಯ ಕಲ್ಲುಮನೆಗಳ ನಡುಮನೆಯಲ್ಲಿ, ರೋಗಿಯ ಹಾಸಿಗೆಯಿರುವ ಮೂಲೆಯಲ್ಲಿ, ಹಗಲಿನಲ್ಲಿಯೂ ಬೆಳಕು ಕಡಿಮೆ. ಪ್ರಯೋಗಾಲಯದಲ್ಲಿ ಗೆದ್ದುದು ಇಂಥ ಮೂಲೆಯಲ್ಲಿಯೂ ಗೆಲ್ಲಬೇಕು.

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಲ್ಲಿನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವು, ಹದವರಿತು ಮಾತನಾಡುವುದನ್ನೂ ಪರರ ಮಾತಿನ ಆಶಯವನ್ನು ಗ್ರಹಿಸುವುದನ್ನೂ ಕನ್ನಡಿಗರ ಗುಣವೆಂದು ಮೆಚ್ಚಿತು. ಆಡಿದ ಮಾತನ್ನು ಗ್ರಹಿಸುವುದಕ್ಕಿಂತಲೂ ಆಡಲಾರದವರ ಆಶಯವನ್ನು ಗ್ರಹಿಸುವುದು ಕಠಿನ. ಓದುಬರಹ ಬಾರದ ನನ್ನ ಅವ್ವ ಅದನ್ನು ಬಲ್ಲವಳಾಗಿದ್ದಳು.

ಸೋದರಮಾವ ಇಂದು ಇಲ್ಲ. ಅವರಂಥವರು ಊರೂರಿನಲ್ಲಿದ್ದಾರೆ. ಅವರ ಮಂಚದ ಬಳಿಗೆ ಯಂತ್ರಬಾಹು ಬರುವ ದಿನ, ಅದರ ಬೆಲೆಯನ್ನೂ ಬಲವನ್ನೂ ವಿಚಾರಿಸುವುದಕ್ಕೆ ಮೊದಲು, ಅದು ಕೇಳಿ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ನಾನು ವಿಚಾರಿಸುವೆನು.