ನಿರಾಕರಣೆಯ ಪತ್ರವೇ ಕೊನೆಯ ತೀರ್ಪಲ್ಲ

ವಿಮಾ ಕಂಪನಿ ಆಸ್ಪತ್ರೆಯ ಬಿಲ್ಲನ್ನು ತಿರಸ್ಕರಿಸಿತೆಂದು ಜೀವಮಾನದ ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಸಲು ಬರುವವರನ್ನು ಬ್ಯಾಂಕಿನಲ್ಲಿ ನಾವು ಆಗಾಗ ಕಾಣುತ್ತೇವೆ. ಚಿಕಿತ್ಸೆ ಕಾಯುವುದಿಲ್ಲ, ನಿಜ. ಆದರೆ ಹಕ್ಕನ್ನು ಅಲ್ಲಿಗೇ ಬಿಡಬೇಕಾಗಿಲ್ಲ. ನಗದುರಹಿತ ಸೌಲಭ್ಯ ದೊರೆಯದಿದ್ದರೂ, ಹಣ ಕಟ್ಟಿ ಬಳಿಕ ಮರುಪಾವತಿ ಕೇಳಬಹುದು.

ಅದೂ ತಿರಸ್ಕೃತವಾದರೆ, ಪಾಲಿಸಿಯ ಯಾವ ನಿಬಂಧನೆಯಂತೆ ಎಂಬುದನ್ನು ಮೊದಲು ಬರಹದಲ್ಲಿ ಪಡೆಯಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆಯಂತೆ ಅದನ್ನು ತಿಳಿಸುವುದು ಕಂಪನಿಯ ಕರ್ತವ್ಯ. ಅನಂತರ, ಚಿಕಿತ್ಸೆ ಏಕೆ ಅನಿವಾರ್ಯವಾಗಿತ್ತೆಂಬ ವೈದ್ಯರ ಪತ್ರ ಲಗತ್ತಿಸಿ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬೇಕು.

ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ವಿಮಾ ಒಂಬುಡ್ಸ್‌ಮನ್ನರ ಮೊರೆ ಹೋಗಬಹುದು. ಅವರ ಪುಣೆ ಕಚೇರಿ ನಾರಾಯಣ ಪೇಠೆಯ ಜೀವನ ದರ್ಶನ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ರೂ. 50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ, ಅವರ ತೀರ್ಪಿಗೆ ಕಂಪನಿ ಬದ್ಧ. ಆದರೆ ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಸಲ್ಲಬೇಕು. ಅದೇ ವಿಷಯ ಗ್ರಾಹಕ ಆಯೋಗದ ಮುಂದಿದ್ದರೆ ಒಂಬುಡ್ಸ್‌ಮನ್ನರು ಅದನ್ನು ಕೈಗೆತ್ತಿಕೊಳ್ಳರು.

ಆದುದರಿಂದ ಬಿಲ್ಲು, ವರದಿ, ಪತ್ರಗಳೆಲ್ಲವನ್ನೂ ಒಂದೇ ಕಡತದಲ್ಲಿ ಜೋಪಾನವಾಗಿಡೋಣ. ಮನೆಯ ಹಿರಿಯರಿಗೂ ಈ ದಾರಿಯನ್ನು ತಿಳಿಸೋಣ.