ಈ ಮಂಗಳವಾರ ಕಿಮೋಗೆ ಯಾರು ಬರ್ತೀರಾ?

ಕುತ್ತಿಗೆಯ ಎಡಗಡೆ ನೋವಿಲ್ಲದ ಗಂಟು, ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು, ಕಾರಣವೇ ಇಲ್ಲದ ನವೆ, ಸಂಜೆ ಹೊತ್ತು ಸಣ್ಣ ಜ್ವರ. ನಮ್ಮ ದೇಶದಲ್ಲಿ ಇಷ್ಟು ಹೇಳಿದರೆ ಡಾಕ್ಟರಿಗೆ ಮೊದಲು ನೆನಪಾಗುವುದು ಟಿಬಿ. ನನಗೂ ಮೊದಲು ಟಿಬಿ ಟೆಸ್ಟೇ ಆಯಿತು. ಅದಲ್ಲ ಅಂತಾದ ಮೇಲೆ ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸಿದರು. 2024ರ ಆಗಸ್ಟ್‌ನಲ್ಲಿ ರಿಪೋರ್ಟ್ ಬಂತು. ಹಾಡ್ಜ್‌ಕಿನ್ ಲಿಂಫೋಮಾ, ಎರಡನೇ ಸ್ಟೇಜ್.

1832ರಲ್ಲಿ ಥಾಮಸ್ ಹಾಡ್ಜ್‌ಕಿನ್ ಎಂಬ ಇಂಗ್ಲೆಂಡಿನ ವೈದ್ಯ ಮೊದಲು ವಿವರಿಸಿದ ಕಾಯಿಲೆ ಇದು. ದುಗ್ಧರಸ ಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರ್. ವಯಸ್ಸಾದವರಿಗೂ ಬರುತ್ತದೆ, ಆದರೆ ಇಪ್ಪತ್ತು–ಮೂವತ್ತರ ಆಸುಪಾಸಿನವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಮುಖ್ಯವಾದದ್ದು. ಒಳ್ಳೆಯ ಸುದ್ದಿ ಏನೆಂದರೆ, ಚೆನ್ನಾಗಿ ವಾಸಿಯಾಗುವ ಕ್ಯಾನ್ಸರ್‌ಗಳ ಪಟ್ಟಿಯಲ್ಲೂ ಇದು ಮೇಲೆಯೇ ಇದೆ. ಡಾಕ್ಟರ್ ಇದನ್ನು ಹೇಳಿದಾಗ ಅಮ್ಮನಿಗೆ ‘ವಾಸಿ’ ಅನ್ನುವ ಮಾತು ಕೇಳಿಸಲಿಲ್ಲ, ‘ಕ್ಯಾನ್ಸರ್’ ಮಾತ್ರ ಕೇಳಿಸಿತು.

ಚಿಕಿತ್ಸೆಯ ಹೆಸರು ಎಬಿವಿಡಿ. ನಾಲ್ಕು ಔಷಧಿಗಳ ಮೊದಲ ಅಕ್ಷರಗಳು. 28 ದಿನಕ್ಕೆ ಒಂದು ಸೈಕಲ್, ಸೈಕಲ್‌ಗೆ ಎರಡು ಸಲ ಡ್ರಿಪ್. ಆರು ಸೈಕಲ್ ಅಂದರೆ 12 ಸಿಟ್ಟಿಂಗ್. ಗಣೇಶನ ಹಬ್ಬ ಮುಗಿದ ಮೂರನೇ ದಿನ, ಸೆಪ್ಟೆಂಬರ್ 10ರ ಮಂಗಳವಾರ ನನ್ನದು ಶುರುವಾಯಿತು. ಆಮೇಲೆ ಹದಿನೈದು ದಿನಕ್ಕೊಂದು ಮಂಗಳವಾರ.

“ಯಾರಿಗೂ ಹೇಳೋದು ಬೇಡ,” ಅಂದಿದ್ದು ಅಮ್ಮ. “ಮೊದ್ಲು ಹುಷಾರಾಗು. ಆಮೇಲೆ ನೋಡೋಣ.” ಅರಸೀಕೆರೆಯಲ್ಲಿ ನನ್ನ ಬಯೋಡೇಟಾ ಆಗಲೇ ನಾಲ್ಕು ಮನೆ ಸುತ್ತಿತ್ತು. ಮದುವೆಯಾಗದ ಹುಡುಗಿಗೆ ಕ್ಯಾನ್ಸರ್ ಅಂತ ಒಂದು ಸಲ ಬಾಯಿಂದ ಬಾಯಿಗೆ ಹೋದರೆ, ವಾಸಿಯಾಯಿತು ಅನ್ನುವ ಸುದ್ದಿ ಅಷ್ಟೇ ವೇಗವಾಗಿ ಹೋಗಲ್ಲ ಎಂಬುದು ಅಮ್ಮನ ಲೆಕ್ಕ. ಆ ಲೆಕ್ಕ ತಪ್ಪು ಅಂತ ನಾನು ಈಗಲೂ ಹೇಳಲಾರೆ. ಅವಳ ಕೈಯಲ್ಲಿ ಇನ್ನೊಂದು ಉದಾಹರಣೆಯೂ ಇತ್ತು. “ಅಪರ್ಣಾ ಯಾರಿಗಾದ್ರೂ ಹೇಳಿದ್ರಾ?”

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನನ್ನ ರಿಪೋರ್ಟ್ ಬರುವ ಹಿಂದಿನ ತಿಂಗಳು, ಜುಲೈ 11ರಂದು ನಿರೂಪಕಿ ಅಪರ್ಣಾ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಕಾಯಿಲೆ ಗೊತ್ತಾಗಿ ಎರಡು ವರ್ಷವಾಗಿತ್ತು ಅಂತ ಆಮೇಲೆ ಅವರ ಪತಿ, ಲೇಖಕ ನಾಗರಾಜ ವಸ್ತಾರೆ ಹೇಳಿದರು. ನಮ್ಮಲ್ಲಿ ಬಹಳ ಜನಕ್ಕೆ ಕಾಯಿಲೆಯ ಸುದ್ದಿ, ಸಾವಿನ ಸುದ್ದಿ ಎರಡೂ ಒಂದೇ ದಿನ ಗೊತ್ತಾಗಿದ್ದು. ನಾನು ಇಂದಿರಾನಗರದಿಂದ ಮೆಟ್ರೋ ಹತ್ತಿದರೆ ‘ಮುಂದಿನ ನಿಲ್ದಾಣ ಹಲಸೂರು’ ಅನ್ನುವುದು ಅದೇ ದನಿ. ಹೇಳದೇ ಇರುವುದೂ ಒಂದು ಹಕ್ಕು, ಅವರು ಅದನ್ನು ಘನತೆಯಿಂದ ಬಳಸಿಕೊಂಡರು.

ನನ್ನ ಕೇಸಿನಲ್ಲಿ ಗುಟ್ಟನ್ನು ಒಡೆದದ್ದು ಧೈರ್ಯವಲ್ಲ, ಕೂಡಿಸಿ ಕಳೆಯುವ ಲೆಕ್ಕ. ನಾನು, ನನ್ನ ರೂಮ್‌ಮೇಟ್ ಇರುವುದು ಬೆನ್ಸನ್ ಟೌನ್‌ನಲ್ಲಿ, ಮಿಲ್ಲರ್ಸ್ ರಸ್ತೆಯಿಂದ ಒಳಗೆ, ಹಳೇ ಮನೆಯೊಂದರ ಮೊದಲ ಮಹಡಿ. ಅಮ್ಮ ಬಂದು ಜೊತೆಗಿದ್ದಳು, ಆದರೆ ಬೆಂಗಳೂರಿನಲ್ಲಿ ಒಬ್ಬಳೇ ಆಟೋ ಹತ್ತಿದವಳಲ್ಲ. ಅಪ್ಪನಿಗೆ ಮಂಡಿನೋವು, ಮೆಟ್ಟಿಲು ಹತ್ತುವುದೇ ಕಷ್ಟ. ಅಣ್ಣ–ಅತ್ತಿಗೆ ಮೈಸೂರಿನಲ್ಲಿ, ಮೂರು ವರ್ಷದ ಮಗು. ಪ್ರತಿ ಸಿಟ್ಟಿಂಗ್‌ಗೂ ಒಂದು ದಿನ ಮುಂಚೆ ರಕ್ತ ಪರೀಕ್ಷೆ. ಆ ದಿನ ಡೇಕೇರ್‌ನಲ್ಲಿ ಆರೇಳು ಗಂಟೆ. ಮಾರನೇ ದಿನ ವಾಂತಿ. ಎಲ್ಲಕ್ಕಿಂತ ಮುಖ್ಯ, ನಡುರಾತ್ರಿ ಜ್ವರ ಬಂದರೆ ಹೊರಡಲು ಒಂದು ಕಾರು. ಇದನ್ನೆಲ್ಲ ಹಾಳೆಯ ಮೇಲೆ ಬರೆದರೆ ಮೂರು ಜನಕ್ಕೆ ಆಗುವ ಕೆಲಸವಲ್ಲ. ಕಡೆಗೆ ಒಪ್ಪಂದವಾಯಿತು: ಫ್ರೆಂಡ್ಸ್‌ಗೆ ಹೇಳಬಹುದು, ನೆಂಟರಿಗೆ ಬೇಡ.

“ಏನಾದ್ರೂ ಬೇಕಾದ್ರೆ ಹೇಳು.” ಹೇಳಿದ ದಿನವೇ ಈ ಮೆಸೇಜ್ ಎಲ್ಲರಿಂದಲೂ ಬಂತು. ಎಲ್ಲರೂ ಮನಸ್ಸಿನಿಂದಲೇ ಹೇಳಿದ್ದು. ಆದರೆ ಸುಸ್ತಾಗಿ ಮಲಗಿರುವವಳು ಏನು ಬೇಕು, ಯಾರನ್ನು ಕೇಳಬೇಕು, ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಯೋಚಿಸುವುದೇ ಒಂದು ಕೆಲಸ. ರೂಮ್‌ಮೇಟ್ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಒಂದು ಗೂಗಲ್ ಶೀಟ್ ಮಾಡಿದಳು. ತಾರೀಕು, ಕರೆದುಕೊಂಡು ಹೋಗುವವರು, ಪಕ್ಕದಲ್ಲಿ ಕೂರುವವರು, ರಾತ್ರಿ ಕಾರು, ಮಾರನೇ ದಿನದ ಊಟ. ಖಾಲಿ ಜಾಗಗಳನ್ನು ಹಳದಿ ಮಾಡಿ ಗ್ರೂಪಿಗೆ ಹಾಕಿದಳು: “ಈ ಮಂಗಳವಾರ ಕಿಮೋಗೆ ಯಾರು ಬರ್ತೀರಾ?” ಅರ್ಧ ಗಂಟೆಯಲ್ಲಿ ಹಳದಿಯೆಲ್ಲ ಹೋಗಿತ್ತು. ನನ್ನ ಟೀಮ್‌ನ ಕಲಬುರಗಿ ಹುಡುಗ ಶೀಟಿನಲ್ಲಿ ಇಲ್ಲದ ಒಂದು ಸಾಲನ್ನು ತಾನೇ ಸೇರಿಸಿದ: “ಅಕ್ಕಾರ, ನಿಮ್ಮ ಆನ್‌ಕಾಲ್ ನಾ ನೋಡ್ಕೋತೀನ್ರಿ.”

ಆ ಶೀಟಿನಲ್ಲಿ ಪ್ರಾಣ ಉಳಿಸಿದ್ದು ‘ರಾತ್ರಿ ಕಾರು’. ಕಿಮೋದಿಂದ ಬಿಳಿ ರಕ್ತಕಣ ಇಳಿದಾಗ ಸೋಂಕಿನ ಲಕ್ಷಣವಾಗಿ ಜ್ವರವೊಂದೇ ಕಾಣಬಹುದು. 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ, ಡೋಲೋ ನುಂಗಿ ಮಲಗುವಂತಿಲ್ಲ, ನೇರ ಎಮರ್ಜೆನ್ಸಿಗೆ. ಅಲ್ಲಿ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು. ಮೂರನೇ ಸಿಟ್ಟಿಂಗ್ ಆದ ವಾರ ರಾತ್ರಿ ಎರಡಕ್ಕೆ ಥರ್ಮಾಮೀಟರ್ 101.2 ತೋರಿಸಿತು. ಅಮ್ಮ ಫೋನ್ ಮಾಡಿದ್ದು ಆ್ಯಂಬುಲೆನ್ಸ್‌ಗಲ್ಲ, ಶೀಟಿನಲ್ಲಿ ಆ ವಾರ ಯಾರ ಹೆಸರಿತ್ತೋ ಅವನಿಗೆ. ಕಾಕ್ಸ್ ಟೌನ್‌ನಿಂದ ಹತ್ತೇ ನಿಮಿಷದಲ್ಲಿ ಬಂದ, ಎಡಗಾಲಿಗೊಂದು ಚಪ್ಪಲಿ, ಬಲಗಾಲಿಗೊಂದು ಚಪ್ಪಲಿ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆ.

ಕೂದಲು ಉದುರಿದ್ದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬರೆಯಲ್ಲ. ನನ್ನನ್ನು ಹೆಚ್ಚು ಕಾಡಿದ್ದು ವಾಸನೆ. ಒಗ್ಗರಣೆ ಚಟಪಟ ಅಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಹಿಂಗು, ಕರಿಬೇವು, ಕಾದ ಎಣ್ಣೆ ಯಾವುದೂ ಆಗುತ್ತಿರಲಿಲ್ಲ. ಅಮ್ಮನಿಗೆ ನನ್ನನ್ನು ನೋಡಿಕೊಳ್ಳಲು ಗೊತ್ತಿದ್ದ ದಾರಿ ಅಡುಗೆಯೊಂದೇ, ಅದೇ ನನಗೆ ಆಗದ ಹಾಗಾಯಿತು. ಬಾಗಿಲು ಮುಚ್ಚಿ ಮಾಡಿದಳು, ಬೆಳಗಿನ ಜಾವ ಎದ್ದು ಮಾಡಿದಳು, ಕಡೆಗೆ ಒಗ್ಗರಣೆಯನ್ನೇ ಬಿಟ್ಟು ತಾನೂ ಗಂಜಿ ಕುಡಿಯಲು ಶುರುಮಾಡಿದಳು. ಹದಿನೈದು ದಿನದಲ್ಲಿ ಅವಳ ಮುಖ ನನ್ನ ಮುಖಕ್ಕಿಂತ ಇಳಿದಿತ್ತು.

ಕೆಳಗಿನ ಮನೆಯವರು ನಮ್ಮ ಓನರ್ ಆಂಟಿ. ರಿಟೈರ್ಡ್ ಟೀಚರ್, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ನೀರಿನ ಮೋಟರ್ ಹತ್ತು ನಿಮಿಷ ಹೆಚ್ಚು ಓಡಿದರೆ ಮೇಲೆ ಬಂದು ಬಾಗಿಲು ಬಡಿಯುವವರು. ಅವರದು ತಮಿಳು, ಇಂಗ್ಲಿಷ್ ಕಲೆಸಿದ ಕಂಟೋನ್ಮೆಂಟ್ ಕನ್ನಡ. ಅಮ್ಮನದು ಅರಸೀಕೆರೆ ಕನ್ನಡ. ಒಂದು ದಿನ ಬಂದು ಅಮ್ಮನಿಗೆ ಹೇಳಿದರು, “ನೀವು ನಮ್ಮ ಕಿಚನ್‌ಗೆ ಬನ್ನಿ. ಮೇಲೆ ಕುಕ್ ಮಾಡ್ಬೇಡಿ. ಪಾಪಾಗೆ ಸ್ಮೆಲ್ ಆಗ್ತದೆ.”

ಅಮ್ಮ ಮಡಿ ಹೆಂಗಸಲ್ಲ, ಆದರೂ ಮೀನು–ಮಾಂಸ ಬೇಯುವ ಅಡುಗೆಮನೆಗೆ ಕಾಲಿಟ್ಟವಳಲ್ಲ. ಒಂದು ರಾತ್ರಿಯೆಲ್ಲ ಹೊರಳಾಡಿದ್ದು ನನಗೆ ಕೇಳಿಸಿತು. ಬೆಳಿಗ್ಗೆ ತನ್ನದೇ ಕುಕ್ಕರ್, ಬಾಣಲೆ, ಸಾಸಿವೆ ಡಬ್ಬಿ ಬುಟ್ಟಿಯಲ್ಲಿಟ್ಟುಕೊಂಡು ಇಳಿದಳು. ಆಂಟಿ ಆಗಲೇ ಒಂದು ಕಪಾಟು ಖಾಲಿ ಮಾಡಿ, ಒರೆಸಿ, ಹೊಸ ಪೇಪರ್ ಹಾಸಿಟ್ಟಿದ್ದರು. ಅವತ್ತಿನಿಂದ ಹನ್ನೊಂದಕ್ಕೆ ಅಮ್ಮ ಕೆಳಗೆ. ಒಂದು ಗಂಟೆಗೆ ಸಾರು ವಾಸನೆ ಆರಿದ ಮೇಲೆ ಮೇಲೆ ಬರುತ್ತಿತ್ತು. ಆ ಎರಡು ಗಂಟೆ ಅವರಿಬ್ಬರೂ ಏನು ಮಾತಾಡುತ್ತಿದ್ದರೋ ನನಗೆ ಪೂರ್ತಿ ಗೊತ್ತಿಲ್ಲ. ಅಮ್ಮ ಅತ್ತಿದ್ದರೆ ಅಲ್ಲೇ ಅತ್ತಿರಬೇಕು. ನನ್ನ ಮುಂದೆ ಒಂದು ಸಲವೂ ಅಳಲಿಲ್ಲ. ಆಮೇಲೆ ಇಬ್ಬರೂ ಸಂಜೆ ಕೋಲ್ಸ್ ಪಾರ್ಕ್‌ಗೆ ವಾಕಿಂಗ್, ಶನಿವಾರ ರಸೆಲ್ ಮಾರ್ಕೆಟ್‌ಗೆ ಹೂವು–ಹಣ್ಣು. ಒಬ್ಬಳೇ ಆಟೋ ಹತ್ತದ ಅಮ್ಮ ಶಿವಾಜಿನಗರದಲ್ಲಿ ಸಪೋಟಕ್ಕೆ ಚೌಕಾಸಿ ಮಾಡಿ ಬಂದಳು.

ಒಬ್ಬಳು ಬಹಳ ಹತ್ತಿರದ ಗೆಳತಿ ಮಾತ್ರ ಸುದ್ದಿ ಕೇಳಿದ ದಿನದಿಂದ ಕಾಣೆ. ಅವಳ ತಂದೆ ಕ್ಯಾನ್ಸರ್‌ನಲ್ಲಿ ಹೋದವರು. ಅವಳಿಗೂ ಒಂದು ಕಾರಣ ಇದೆ ಅಂದುಕೊಂಡು ಸುಮ್ಮನಿದ್ದೇನೆ.

ಡಾಕ್ಟರ್ ಮೊದಲ ದಿನವೇ, ಅಮ್ಮನನ್ನು ಹೊರಗೆ ಕೂರಿಸಿ, ಮುಂದೆ ಮಕ್ಕಳು ಬೇಕಾ ಅಂತ ಕೇಳಿದ್ದರು. ಎಬಿವಿಡಿಯಿಂದ ಅಂಡಾಶಯಕ್ಕೆ ಆಗುವ ಹಾನಿ ಬೇರೆ ಕೆಲವು ಕಿಮೋಗಳಿಗೆ ಹೋಲಿಸಿದರೆ ಕಡಿಮೆ. ಆದರೂ ಅಂಡಾಣು ಶೇಖರಿಸುವ ಬಗ್ಗೆ ಮಾತಾಡುವುದಿದ್ದರೆ ಅದು ಮೊದಲ ಡ್ರಿಪ್‌ಗೆ ಮುಂಚೆಯೇ ಆಗಬೇಕು. ಗಂಡಸರಿಗೂ ಅಷ್ಟೇ, ವೀರ್ಯ ಶೇಖರಿಸುವುದು ಇನ್ನೂ ಸುಲಭ. ನಿಮ್ಮ ಡಾಕ್ಟರ್ ಕೇಳದಿದ್ದರೆ ನೀವೇ ಕೇಳಿ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ನನ್ನ ಖರ್ಚಿನ ಬಹುಪಾಲು ಆಫೀಸಿನ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಹೋಯಿತು. ಗ್ರೂಪ್ ಪಾಲಿಸಿ ಕೆಲಸದ ಜೊತೆ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. ಆ ಆರು ತಿಂಗಳು ಲೇಆಫ್ ಅನ್ನುವ ಪದ ಕೇಳಿದರೆ ಕಿಮೋಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ಮೊದಲೇ ಇರುವ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರಲ್ಲಿ ಐಆರ್‌ಡಿಎಐ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದೆ. ಮೂರು ವರ್ಷವೂ ಕಡಿಮೆಯೇನಲ್ಲ. ಆರೋಗ್ಯವಾಗಿರುವಾಗಲೇ ನಿಮ್ಮದೇ ಒಂದು ಪಾಲಿಸಿ ಇರಲಿ.

ನಾಲ್ಕು ಸಿಟ್ಟಿಂಗ್ ಆದ ಮೇಲೆ, ದೀಪಾವಳಿಯ ಹೊತ್ತಿಗೆ, ಪೆಟ್ ಸ್ಕ್ಯಾನ್. ಔಷಧಿ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಅರ್ಧವಾರ್ಷಿಕ ಪರೀಕ್ಷೆ ಇದು. ರೇಡಿಯೋ ಆ್ಯಕ್ಟಿವ್ ಸಕ್ಕರೆಯನ್ನು ನರಕ್ಕೆ ಕೊಡುತ್ತಾರೆ, ಚುರುಕಾಗಿರುವ ಕ್ಯಾನ್ಸರ್ ಕೋಶಗಳು ಅದನ್ನು ಹೀರಿ ಹೊಳೆಯುತ್ತವೆ. ಕೆಲವು ಗಂಟೆ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು. ಅಣ್ಣನ ಮಗಳು ಹಬ್ಬಕ್ಕೆ ಬಂದಿದ್ದಳು, ಅವತ್ತಿಡೀ ಆಂಟಿಯ ಮನೆಯಲ್ಲಿ. ನಾನು ಮಹಡಿಯಿಂದ, ಅವಳು ಅಂಗಳದಿಂದ ಸುರುಸುರುಬತ್ತಿ ಹಚ್ಚಿದೆವು. ರಿಪೋರ್ಟ್ ಚೆನ್ನಾಗಿ ಬಂತು. ಹೀಗೆ ಸ್ಕ್ಯಾನ್ ಕ್ಲಿಯರ್ ಆದವರಿಗೆ ಶ್ವಾಸಕೋಶಕ್ಕೆ ತೊಂದರೆ ಮಾಡಬಹುದಾದ ಬ್ಲಿಯೋಮೈಸಿನ್ ಅನ್ನು ಮುಂದಿನ ಸೈಕಲ್‌ಗಳಿಂದ ಕೈಬಿಡಬಹುದು ಅಂತ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ತೋರಿಸಿತ್ತು. ನನ್ನ ಎಬಿವಿಡಿಯಲ್ಲಿ ‘ಬಿ’ ಹೋಯಿತು.

ಒಂಬತ್ತನೇ ಸಿಟ್ಟಿಂಗ್ ಡಿಸೆಂಬರ್ 31ಕ್ಕೆ. ಮಾರನೇ ದಿನ, 2025ರ ಮೊದಲ ದಿನ, ಸೋಫಾದಲ್ಲಿ ಬಕೆಟ್ ಪಕ್ಕಕ್ಕಿಟ್ಟುಕೊಂಡು ಮಲಗಿದ್ದೆ. ಟಿವಿಯಲ್ಲಿ ಶಿವಣ್ಣನ ವಿಡಿಯೋ ಬಂತು, ಜೊತೆಗೆ ಪತ್ನಿ ಗೀತಾ. ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಅವರ ಮೂತ್ರಕೋಶ ತೆಗೆದು, ಕರುಳಿನಿಂದಲೇ ಹೊಸದು ಮಾಡಿದ್ದರು. ಕ್ಯಾನ್ಸರ್ ಈಗ ಇಲ್ಲ ಅಂತ ಹೇಳಿದರು. ಕಿಮೋ ನಡೆಯುತ್ತಿದ್ದಾಗಲೇ ‘45’ ಚಿತ್ರದ ಶೂಟಿಂಗ್ ಮಾಡಿದ್ದನ್ನೂ ಹೇಳಿದರು. ಅಮ್ಮ ಅದನ್ನು ಮೂರು ಚಾನೆಲ್‌ನಲ್ಲಿ ಮೂರು ಸಲ ನೋಡಿದಳು. ರಾತ್ರಿ ಊಟ ಆದ ಮೇಲೆ, ನನ್ನನ್ನು ಕೇಳದೆ, ತಿಪಟೂರಿನ ಚಿಕ್ಕಮ್ಮನಿಗೆ ಫೋನ್ ಮಾಡಿದಳು. “ಇವಳಿಗೂ ಆಗಿದೆ ಕಣೇ. ಒಂಬತ್ತು ಮುಗೀತು, ಇನ್ನು ಮೂರು.” ಆ ಕಡೆಯಿಂದ ಅಳು, ಬೈಗುಳ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವ ಜಗಳ. ಹತ್ತನೇ ಸಿಟ್ಟಿಂಗ್ ಸಂಕ್ರಾಂತಿಯ ದಿನ ಬಿತ್ತು. ಶೀಟಿನಲ್ಲಿ ‘ಪಕ್ಕದಲ್ಲಿ ಕೂರುವವರು’ ಅನ್ನುವಲ್ಲಿ ಮೊದಲ ಸಲ ಚಿಕ್ಕಮ್ಮ. ಡೇಕೇರ್ ನರ್ಸ್‌ಗಳಿಗೆಲ್ಲ ಎಳ್ಳುಬೆಲ್ಲ ಸಿಕ್ಕಿತು.

ಬಯೋಡೇಟಾ ಸುತ್ತಿದ್ದ ನಾಲ್ಕು ಮನೆಗಳಲ್ಲಿ ಮೂರು ಸುಮ್ಮನಾದವು. ನಾಲ್ಕನೆಯವರು ರಿಪೋರ್ಟ್ ಕಳಿಸಿ ಅಂದರು. ಬೇಡ ಅಂತ ನಾನೇ ಹೇಳಿದೆ.

2025ರ ಫೆಬ್ರವರಿ 11ಕ್ಕೆ ಹನ್ನೆರಡನೆಯದು ಮುಗಿಯಿತು. ಕೊನೆಯ ಸ್ಕ್ಯಾನ್ ಕ್ಲಿಯರ್. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಪ್ರತಿ ಸಲ ಹಿಂದಿನ ರಾತ್ರಿ ನಿದ್ದೆ ಬರಲ್ಲ, ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ.

ಚಿಕಿತ್ಸೆಗೆ ಮುಂಚೆ ಎರಡನೇ ಅಭಿಪ್ರಾಯಕ್ಕೆ ಅಂತ ಬಯಾಪ್ಸಿ ಸ್ಲೈಡ್‌ಗಳನ್ನು ಹಿಡಿದು ಹೊಸೂರು ರಸ್ತೆಯ ಕಿದ್ವಾಯಿಗೆ ಹೋಗಿದ್ದೆ. 1973ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ, ಆಂಧ್ರ–ತಮಿಳುನಾಡಿನಿಂದಲೂ ಜನ ಬರುತ್ತಾರೆ. ಜೊತೆಗೆ ಬಂದವರಿಗೆ ಆವರಣದಲ್ಲಿ ಇನ್ಫೋಸಿಸ್ ಫೌಂಡೇಶನ್ ಕಟ್ಟಿಸಿದ ಧರ್ಮಶಾಲೆ ಇದೆ. ಮರದ ನೆರಳಿನಲ್ಲಿ ಚಾಪೆ ಹಾಸಿ, ರೊಟ್ಟಿ ಬುತ್ತಿ ಬಿಚ್ಚಿ ಕೂತ ಕುಟುಂಬಗಳನ್ನು ಅವತ್ತು ನೋಡಿದ್ದೆ. ಊರೂ ಇಲ್ಲ, ಶೀಟೂ ಇಲ್ಲ, ಒಬ್ಬ ಮಗನೋ ಒಬ್ಬ ತಮ್ಮನೋ ಅಷ್ಟೇ.

ಕಳೆದ ತಿಂಗಳು ನಮ್ಮ ಕಲಬುರಗಿ ಹುಡುಗನ ಅಪ್ಪನಿಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾಯಿತು. ಕಿದ್ವಾಯಿಯ ಒಂದು ಕೇಂದ್ರ ಕಲಬುರಗಿಯಲ್ಲೂ ಇದೆ. ಮಗ ಇಲ್ಲಿರುವುದರಿಂದ ಇಲ್ಲಿಗೇ ಬಂದರು. ಅಪ್ಪ–ಅವ್ವ ಇಬ್ಬರೂ ಕೆ.ಆರ್. ಪುರದ ಅವನ ಒಂದು ರೂಮಿನ ಮನೆಯಲ್ಲಿದ್ದಾರೆ. ರೇಡಿಯೇಷನ್ ವಾರಕ್ಕೆ ಐದು ದಿನ, ಆರು ವಾರ. “ಅಕ್ಕಾರ, ಆ ಶೀಟ್ ಸ್ವಲ್ಪ ಕಳಸ್ರಿ,” ಅಂದ. ಕಾಪಿ ಮಾಡಿ ಕಳಿಸಿದೆ. 30 ಸಾಲು. ಮಂಗಳವಾರಗಳ ಎದುರು ನನ್ನ ಹೆಸರು ಹಾಕಿದ್ದೇನೆ. ನಿನ್ನೆ ಅಮ್ಮ ಅರಸೀಕೆರೆಯಿಂದ ಫೋನ್ ಮಾಡಿ, ಆ ಹುಡುಗನ ತಾಯಿ ನಂಬರ್ ಕೊಡು, ಒಗ್ಗರಣೆ ವಿಷಯ ಮಾತಾಡ್ಬೇಕು ಅಂದಳು.