ನೆಲದ ಮೇಲಿಲ್ಲದ ಗೆರೆಗಳು

ಮಲೆನಾಡು, ಬಯಲುಸೀಮೆ ಎಂಬ ಮಾತುಗಳನ್ನು ನಾವು ದಿನವೂ ಬಳಸುತ್ತೇವೆ. ಆದರೆ ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಸ್ಥಳವನ್ನು ಬೆರಳಿಟ್ಟು ತೋರಿಸಿರೆಂದರೆ ಯಾರೂ ತೋರಿಸಲಾರರು. ಏಕೆಂದರೆ 'ಪ್ರದೇಶ'ವೆಂಬುದು ನದಿಯಂತೆ, ಬೆಟ್ಟದಂತೆ ಕಣ್ಣಿಗೆ ಬೀಳುವ ವಸ್ತುವಲ್ಲ. ಭೂಗೋಳಶಾಸ್ತ್ರಜ್ಞನು ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಅದಕ್ಕೆ ಒಂದೇ ಬಗೆಯ ಉತ್ತರ ದೊರೆಯುವ ಸ್ಥಳಗಳನ್ನೆಲ್ಲ ನಕಾಶೆಯಲ್ಲಿ ಒಂದು ಗೆರೆಯಿಂದ ಸುತ್ತುವರಿಯುತ್ತಾನೆ, ಅದೇ ಪ್ರದೇಶ. ಪ್ರಶ್ನೆ ಬದಲಾದರೆ ಗೆರೆಯೂ ಬದಲಾಗುತ್ತದೆ. ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡ ಎಂಬ ಮೂರು ಊರುಗಳನ್ನು ತೆಗೆದುಕೊಂಡು ಇದನ್ನು ಪರೀಕ್ಷಿಸೋಣ.

ಮೊದಲನೆಯ ಪ್ರಶ್ನೆ: ಮಣ್ಣು ಯಾವುದು? ನರಗುಂದ, ರೋಣಗಳ ಸುತ್ತ ಬಹುಮಟ್ಟಿಗೆ ಕಪ್ಪು ಎರೆ ಭೂಮಿ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಆದರೂ ಎರೆ ಮಣ್ಣು ನೀರನ್ನು ಬಹುಕಾಲ ಹಿಡಿದಿಡುವುದರಿಂದ, ಮಳೆಗಾಲದ ಕೊನೆಯಲ್ಲಿ ಬಿತ್ತಿದ ಜೋಳ, ಕಡಲೆಗಳು ಆ ಹಸಿಯ ಮೇಲೆಯೇ ಚಳಿಗಾಲದಲ್ಲಿ ಬೆಳೆಯುತ್ತವೆ. ಪೂರ್ವಕ್ಕೆ ಗಜೇಂದ್ರಗಡದ ಕಡೆಗೆ ಹೋದಂತೆ ಮರಳುಗಲ್ಲಿನ ಗುಡ್ಡಗಳೂ ಕೆಂಪು ಮಸಾರಿ ನೆಲವೂ ಕಾಣಿಸಿಕೊಳ್ಳುತ್ತವೆ. ಹೀಗೆ ಒಂದು ಗುಣವು ಎಲ್ಲೆಡೆ ಹರಡಿಕೊಂಡಿರುವ ಪ್ರದೇಶಕ್ಕೆ ಸಮರೂಪ ಪ್ರದೇಶವೆಂದು ಹೆಸರು. ಕಪ್ಪು ಮಣ್ಣು ಒಮ್ಮೆಲೇ ಕೆಂಪಾಗುವುದಿಲ್ಲ. ಎರಡೂ ಬೆರೆತ ಹೊಲಗಳು ನಡುವೆ ಇರುತ್ತವೆ. ಅವುಗಳನ್ನು ಯಾವ ಕಡೆಗೆ ಸೇರಿಸಬೇಕೆಂಬುದನ್ನು ನಕಾಶೆ ಬರೆಯುವವನೇ ನಿಶ್ಚಯಿಸಬೇಕು. ತಾಲ್ಲೂಕು, ಜಿಲ್ಲೆಗಳೂ ಸಮರೂಪ ಪ್ರದೇಶಗಳೇ, ಅವುಗಳೊಳಗೆಲ್ಲ ಒಂದೇ ಆಡಳಿತವಿರುವುದಷ್ಟೆ. ಆದರೆ ಅವುಗಳ ಗಡಿ ಮಾತ್ರ ಚಾಕುವಿನಿಂದ ಕೊಯ್ದಂತೆ ಸ್ಪಷ್ಟ.

ಎರಡನೆಯ ಪ್ರಶ್ನೆ: ಜನ ಯಾವ ಊರಿಗೆ ಹೋಗುತ್ತಾರೆ? ಒಂದು ಕಾಗದದ ಕೆಳಗೆ ಎರಡು ಅಯಸ್ಕಾಂತಗಳನ್ನಿಟ್ಟು ಮೇಲೆ ಕಬ್ಬಿಣದ ಪುಡಿಯನ್ನು ಉದುರಿಸಿದರೆ, ಕಣಗಳು ಎರಡೂ ಧ್ರುವಗಳ ಸುತ್ತ ಗುಂಪುಗೂಡುತ್ತವೆ. ಊರುಗಳ ಆಕರ್ಷಣೆಯೂ ಹಾಗೆಯೇ. ಹಳ್ಳಿಹಳ್ಳಿಯಿಂದ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ದಾರಿಗಳನ್ನು ನಕಾಶೆಯಲ್ಲಿ ಗುರುತಿಸಿದರೆ ಕಿರಣಗಳ ಗುಚ್ಛಗಳು ಮೂಡುತ್ತವೆ. ಕಚೇರಿಯ ಕೆಲಸಕ್ಕೆ ಮೂರೂ ಊರುಗಳ ಕಿರಣ ಗದಗಿಗೆ ತಿರುಗುತ್ತದೆ. ಆದರೆ ವಿಜಯಪುರ–ಹುಬ್ಬಳ್ಳಿ ಹೆದ್ದಾರಿಯ ಮೇಲಿರುವ ನರಗುಂದವನ್ನು ಹುಬ್ಬಳ್ಳಿಯೂ ಸೆಳೆಯುತ್ತದೆ. ಇಂಥದನ್ನು ಕೇಂದ್ರಾಧೀನ ಪ್ರದೇಶವೆನ್ನಬಹುದು. ಇದರ ಬಲ ಕೇಂದ್ರದಲ್ಲಿ ಹೆಚ್ಚು, ಅಂಚಿನಲ್ಲಿ ಕಡಿಮೆ.

ಮೂರನೆಯ ಪ್ರಶ್ನೆ: ಜನ ತಮ್ಮ ನಾಡನ್ನು ಏನೆಂದು ಕರೆಯುತ್ತಾರೆ? ಚಾಲುಕ್ಯರ ಕಾಲದಲ್ಲಿ ಈ ಭಾಗದಲ್ಲಿ 'ಬೆಳ್ವೊಲ ಮುನ್ನೂರು' ಹಾಗೂ 'ಕಿಸುಕಾಡು ಎಪ್ಪತ್ತು' ಎಂಬ ನಾಡುಗಳಿದ್ದವು. ಗಜೇಂದ್ರಗಡಕ್ಕೆ ಸಮೀಪದ ಸೂಡಿಯು, ಅಕ್ಕಾದೇವಿ ಆಳಿದ ಕಿಸುಕಾಡಿನ ಮುಖ್ಯಪಟ್ಟಣವಾಗಿತ್ತು. 'ಕಿಸು' ಎಂದರೆ ಕೆಂಪು. ನಮ್ಮ ಪೂರ್ವಿಕರೂ ನೆಲದ ಗುಣವನ್ನು ನೋಡಿ ನಾಡಿಗೆ ಹೆಸರಿಟ್ಟಿದ್ದರೆಂಬುದನ್ನು ಗಮನಿಸಬೇಕು. ಜನರ ಮಾತಿನಲ್ಲಿಯೂ ನೆನಪಿನಲ್ಲಿಯೂ ಬಾಳುವ ಇಂಥ ಪ್ರದೇಶಗಳಿಗೆ ಜನಭಾವನೆಯ ಪ್ರದೇಶಗಳೆಂದು ಹೇಳುತ್ತಾರೆ.

ಈ ವಿಂಗಡಣೆ ಕೇವಲ ಪಾಠಪುಸ್ತಕದ ವಿಷಯವೆಂದು ಓದುಗರು ತಿಳಿಯಬಾರದು. ಗಜೇಂದ್ರಗಡದಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಕೊಪ್ಪಳ ಜಿಲ್ಲೆ. 1956ರ ನವೆಂಬರ್ 1ಕ್ಕೆ ಮೊದಲು ಈ ಕಡೆ ಮುಂಬಯಿ ರಾಜ್ಯ, ಆ ಕಡೆ ಹೈದರಾಬಾದು ರಾಜ್ಯ. ಭಾಷಾವಾರು ಪ್ರಾಂತ ರಚನೆಯಿಂದ ರಾಜ್ಯಗಳ ನಡುವಿನ ಆ ಗೆರೆ ಅಳಿಯಿತು. ಆದರೂ 'ಮುಂಬಯಿ ಕರ್ನಾಟಕ', 'ಹೈದರಾಬಾದ್ ಕರ್ನಾಟಕ' ಎಂಬ ಹೆಸರುಗಳು ಜನಭಾವನೆಯಲ್ಲಿ ಉಳಿದವು. 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿ ಬಂದಾಗ, ಹೈದರಾಬಾದ್ ಕರ್ನಾಟಕದ ಸ್ಥಳೀಯರಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ನೌಕರಿಯಲ್ಲಿಯೂ ಮೀಸಲಾತಿಗೆ ಅವಕಾಶವಾಯಿತು. ನೆನಪಾಗಿ ಉಳಿದಿದ್ದ ಪ್ರದೇಶ ಹೀಗೆ ಮತ್ತೆ ಕಾನೂನಿನ ಪ್ರದೇಶವಾಯಿತು. 2019ರಲ್ಲಿ ಅದಕ್ಕೆ 'ಕಲ್ಯಾಣ ಕರ್ನಾಟಕ'ವೆಂದೂ, 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ 'ಕಿತ್ತೂರು ಕರ್ನಾಟಕ'ವೆಂದೂ ಹೆಸರಾಯಿತು.

ಇದರ ಪರಿಣಾಮವೇನು? ಗಡಿಯ ಈಚೆ ಗಜೇಂದ್ರಗಡ ತಾಲ್ಲೂಕು, ಆಚೆ ಯಲಬುರ್ಗಾ ತಾಲ್ಲೂಕು. ಎರಡೂ ಕಡೆ ಮಳೆಯನ್ನೇ ನಂಬಿದ ಬೇಸಾಯ. ಎರಡೂ ಕಡೆ ಕನ್ನಡವೇ ಮಾತು. ಉಚ್ಚ ನ್ಯಾಯಾಲಯದ ನಕಾಶೆಯಲ್ಲಿ ಇವೆರಡೂ ಧಾರವಾಡ ಪೀಠಕ್ಕೇ ಸೇರಿವೆ. ಆದರೆ 371ಜೆ ನಕಾಶೆಯಲ್ಲಿ ಯಲಬುರ್ಗಾದ ವಿದ್ಯಾರ್ಥಿ ಒಳಗೆ, ಗಜೇಂದ್ರಗಡದ ವಿದ್ಯಾರ್ಥಿ ಹೊರಗೆ. ಆಚೆಯ ನಾಡು ಬಹುಕಾಲ ಹಿಂದುಳಿದುದಕ್ಕೆ ಈ ಪರಿಹಾರ ಅವಶ್ಯವಾಗಿತ್ತೆಂಬುದು ನಿಜ. ಆದರೆ ಎಲ್ಲಿ ಗೆರೆ ಎಳೆದರೂ ಅದರ ಅಂಚಿನಲ್ಲಿ ಒಬ್ಬರಂತೆಯೇ ಇರುವ ಇಬ್ಬರು ಬೇರೆಬೇರೆಯಾಗುತ್ತಾರೆ. ಇದು ಪ್ರದೇಶ ವಿಂಗಡಣೆಯಿಂದ ಬೇರ್ಪಡಿಸಲಾಗದ ಸಂಗತಿ.

ಆದುದರಿಂದ ಯಾವುದೇ ನಕಾಶೆಯನ್ನು ಕಂಡಾಗ ನಾವು ಕೇಳಬೇಕಾದ ಪ್ರಶ್ನೆಗಳು ಮೂರು: ಈ ಗೆರೆಯನ್ನು ಯಾವ ಗುಣಕ್ಕಾಗಿ ಎಳೆದಿದ್ದಾರೆ? ಯಾವ ಕಾಲದಲ್ಲಿ ಎಳೆದರು? ಅದರಿಂದ ಯಾರು ಒಳಗಾದರು, ಯಾರು ಹೊರಗಾದರು? ವಿದ್ಯಾರ್ಥಿಗಳು ತಮ್ಮ ಊರಿನ ನಕಾಶೆಯ ಮೇಲೆ ಮೂರು ತೆಳುಕಾಗದಗಳನ್ನಿಟ್ಟು, ಒಂದರಲ್ಲಿ ಮಣ್ಣು, ಇನ್ನೊಂದರಲ್ಲಿ ಸಂತೆಯ ದಾರಿ, ಮತ್ತೊಂದರಲ್ಲಿ ಹಿರಿಯರು ಹೇಳುವ ನಾಡಿನ ಹೆಸರುಗಳನ್ನು ಗುರುತಿಸಲಿ. ಮೂರನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ, ಗೆರೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ಅವರಿಗೇ ತಿಳಿದುಬರುತ್ತದೆ.